ಹಾಲು ಉಕ್ಕಲಿಲ್ಲವೆಂಬ ತಕರಾರು

ನಮ್ಮ ಬೀದಿಯಲ್ಲಿ ಮೆಲ್ಲಗೆ ಮಾತನಾಡುವ ಮನುಷ್ಯನನ್ನು ಕಂಡರೆ ಜನ ಸಂಶಯದಿಂದ ನೋಡುತ್ತಾರೆ. ದೊಡ್ಡಬಳ್ಳಾಪುರದ ನೇಕಾರರ ಬೀದಿ ಅದು. ಹೆಚ್ಚುಕಡಿಮೆ ಮನೆಗೊಂದು ಪವರ್‌ಲೂಮು. ಬೆಳಗ್ಗೆ ಮಗ್ಗ ಶುರುವಾಯಿತೆಂದರೆ ಗಂಡ ಹೆಂಡತಿಯನ್ನು ‘ಕಾಫಿ ಆಯ್ತಾ’ ಎಂದು ಕೇಳಬೇಕಾದರೂ ಕೆರೆಯ ಆಚೆ ದಡದವರನ್ನು ಕರೆಯುವ ಗಂಟಲು ಬೇಕು. ಕರೆಂಟು ಹೋದಾಗ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ಗಂಟಲುಗಳಿಗೆ ಆ ಸುದ್ದಿ ಸ್ವಲ್ಪ ತಡವಾಗಿ ತಲುಪುತ್ತದೆ. ಆ ನಡುವಿನ ಗಳಿಗೆಯಲ್ಲಿ ಯಾರ ಸೊಸೆ ತವರಿಗೆ ಹೋಗುವವಳಿದ್ದಾಳೆ, ಯಾರಿಗೆ ಮೂಲವ್ಯಾಧಿ ಎಂಬುದೆಲ್ಲ ಸಾರ್ವಜನಿಕ ತಿಳಿವಳಿಕೆಗೆ ಬರುತ್ತದೆ. ಕೇಳಿಸಿಕೊಂಡವರು ಕೇಳಿಸದವರಂತೆ ಇರಬೇಕು. ನಮ್ಮ ಬೀದಿಯ ನಾಗರಿಕತೆ ನಿಂತಿರುವುದು ಈ ಒಂದು ಕಂಬದ ಮೇಲೆ.

ನಾನು ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗ ಮುಟ್ಟದೆ, ಕೋರ್ಟಿನಲ್ಲಿ ಬೆಂಚ್ ಕ್ಲರ್ಕಾಗಿ ಜೀವ ಸವೆಸಿದವನು. ನ್ಯಾಯಾಧೀಶರ ಕೆಳಗೆ ಕುಳಿತು ಸಾಕ್ಷಿಗಳಿಗೆ ಪ್ರಮಾಣವಚನ ಬೋಧಿಸುವುದು, ವಾಯಿದೆ ತಾರೀಕು ಕೂಗುವುದು ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೆ ಅಪ್ಪನ ಕಾಲದ ಮಗ್ಗಗಳನ್ನು ಮಾರಿ, ಮನೆಗೆ ಅಂಟಿಕೊಂಡಿದ್ದ ಮಗ್ಗದ ಮನೆಗೆ ಅಡ್ಡಗೋಡೆ ಎತ್ತಿಸಿ, ಅಡುಗೆಮನೆ ಬಚ್ಚಲು ಮಾಡಿಸಿ, ಬಾಡಿಗೆಗೆ ಬೋರ್ಡು ಹಾಕಿದೆ. ಬಂದವರೆಲ್ಲ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ರಾತ್ರಿಪಾಳಿ ಮಾಡುವ ಹುಡುಗರು. ಮನೆ ನೋಡಿ ಮೆಚ್ಚುತ್ತಿದ್ದರು. ‘ಹಗಲು ಮಲ್ಕೋಬೋದಾ ಅಂಕಲ್?’ ಎಂದು ಕೇಳುತ್ತಿದ್ದರು. ಅವರು ಕೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ. ಮತ್ತೊಮ್ಮೆ ಕೂಗಿ ಕೇಳುವಷ್ಟರಲ್ಲಿ ಅವರಿಗೇ ಉತ್ತರ ಹೊಳೆದು ಹೊರಟುಬಿಡುತ್ತಿದ್ದರು.

ಕೊನೆಗೆ ಸ್ಕೂಟರಿನಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಬೆಂಗಳೂರಿನ ಯಾವುದೋ ಟ್ರಸ್ಟಿನವಳು. ಆಕೆಯನ್ನು ನಾವೆಲ್ಲ ಮೇಡಂ ಎಂದೇ ಕರೆದದ್ದು, ನನ್ನ ಮಗಳಿಗಿಂತ ಚಿಕ್ಕವಳಾದರೂ. ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು: ಮನಸ್ಸಿನ ಕಾಯಿಲೆಗೆ ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ ಮೂವರು ಹೆಂಗಸರಿದ್ದಾರೆ. ಈಗ ಕಾಯಿಲೆ ಹತೋಟಿಯಲ್ಲಿದೆ, ಆಸ್ಪತ್ರೆಯಲ್ಲಿರುವ ಅಗತ್ಯವಿಲ್ಲ. ಆದರೆ ಕರೆದುಕೊಂಡು ಹೋಗುವವರಿಲ್ಲ. ಊರ ನಡುವೆ ಒಂದು ಬಾಡಿಗೆ ಮನೆಯಲ್ಲಿ ಎಲ್ಲರ ಹಾಗೆ ಅಡುಗೆ ಮಾಡಿಕೊಂಡು, ಅಂಗಡಿಗೆ ಹೋಗಿಬಂದು ಬಾಳುತ್ತಾರೆ. ಮೊದಮೊದಲು ತಾನೂ ಜೊತೆಗಿರುತ್ತೇನೆ, ಆಮೇಲೆ ಬಂದು ಹೋಗುತ್ತಿರುತ್ತೇನೆ.

“ಸದ್ದು ಜಾಸ್ತಿ ಇಲ್ಲಿ,” ಎಂದೆ.

“ಅವರು ವಾರ್ಡಲ್ಲಿ ಇದ್ದು ಬಂದಿರೋರು ಸಾರ್. ಇದೇನು ಸದ್ದು!”

ನನ್ನ ಹೆಂಡತಿ ಬಾಗಿಲ ಮರೆಯಿಂದ ಒಂದೇ ಪ್ರಶ್ನೆ ಕೇಳಿದಳು. “ಅಡುಗೆ ಯಾರ್ ಮಾಡ್ತಾರಮ್ಮಾ?”

“ಅವರೇ ಅಮ್ಮ.”

“ಹಂಗಾದ್ರೆ ಬರ್ಲಿ ಬಿಡ್ರೀ. ದಿನಾ ಹೋಟ್ಲಿಂದ ತರಿಸ್ಕೊಂಡು ತಿನ್ನೋರು ಪಕ್ಕದಲ್ಲಿದ್ರೆ ನನಗಾಗಲ್ಲ.”

ಹೀಗೆ ನಮ್ಮ ಕಡೆಯ ವಿಚಾರಣೆ ಮುಗಿಯಿತು. ಬೀದಿಯ ಕಡೆಯದು ಆಗಬೇಕಿತ್ತು.

ನಮ್ಮ ಬೀದಿಗೆ ಒಬ್ಬ ಯಜಮಾನ ಇದ್ದಾನೆ. ಯಾರೂ ಆರಿಸಿದ್ದಲ್ಲ. ಎದುರು ಮನೆಯವನು, ಮಗ್ಗಗಳು ಜಾಸ್ತಿ ಇವೆ, ಗಣೇಶನ ಕಮಿಟಿಗೆ ಅಧ್ಯಕ್ಷ. ಗಣೇಶನನ್ನು ನೀರಿಗೆ ಬಿಟ್ಟ ಮೇಲೂ ಕಮಿಟಿ ಉಳಿಯುತ್ತದಲ್ಲ, ಅದಕ್ಕೆ ವರ್ಷವಿಡೀ ಏನಾದರೂ ಕೆಲಸ ಬೇಕು. ಸುದ್ದಿ ತಿಳಿದ ಮರುದಿನವೇ ಬಂದ.

“ಏನ್ ಸಾರ್, ಕೋರ್ಟಲ್ಲಿದ್ದೋರು ನೀವೇ ಹಿಂಗ್ ಮಾಡೋದಾ? ಹುಚ್ಚರನ್ನ ತಂದು ಬೀದಿ ಮಧ್ಯ ಇಡೋದಾ?”

“ಹುಚ್ಚರು ಅನ್ನಬೇಡಪ್ಪಾ. ಕಾಯಿಲೆ ಇತ್ತು, ಮಾತ್ರೆ ತಗೊಂಡು ಚೆನ್ನಾಗಿದಾರೆ.”

“ಚೆನ್ನಾಗಿದ್ರೆ ಮಾತ್ರೆ ಯಾಕೆ?”

“ನೀನು ಬೀಪಿಗೆ ತಗೊಳ್ಳಲ್ವಾ?”

“ಅದು ಬೇರೆ ಸಾರ್. ನಾನ್ ಮಾತ್ರೆ ಬಿಟ್ರೆ ನನಗೆ ಕಷ್ಟ. ಅವರು ಬಿಟ್ರೆ ಬೀದಿಗೆ ಕಷ್ಟ.”

ಆತ ಮಾತ್ರೆ ಮರೆತ ದಿನ ಬೀದಿಗೆ ಏನಾಗುತ್ತದೆಂಬುದು ಕರೆಂಟು ಹೋದಾಗಲೆಲ್ಲ ನಮಗೆ ಕೇಳಿಸಿದೆ. ಮರ್ಯಾದಸ್ಥನಾದ್ದರಿಂದ ಸುಮ್ಮನಿದ್ದೆ.

ವಿಷಯ ಮೇಲಿನ ಕೋರ್ಟಿಗೆ ಹೋಯಿತು, ಅಂದರೆ ಆತನ ತಾಯಿಯ ಬಳಿಗೆ. ಈ ಅಜ್ಜಿಯ ಮಾತಿನ ಮೇಲೆ ನಮ್ಮ ಬೀದಿಯಲ್ಲಿ ಅಪೀಲಿಲ್ಲ. ಮದುವೆಗೆ ಮುಹೂರ್ತ ಪುರೋಹಿತರು ಕೊಡುತ್ತಾರೆ, ಅದು ಸರಿಯೋ ತಪ್ಪೋ ಅಜ್ಜಿ ಹೇಳುತ್ತಾರೆ. ಅವರು ಎಲೆ ಅಡಿಕೆ ಮಡಚುತ್ತ ಎಲ್ಲವನ್ನೂ ಕೇಳಿಸಿಕೊಂಡು ತೀರ್ಪು ಕೊಟ್ಟರು. “ಮನೆ ತುಂಬೋ ದಿನ ಹಾಲುಕ್ಕಿಸ್ತಾರಲ್ಲ, ಉಕ್ಕಿಸ್ಲಿ. ಮನೆ ಒಪ್ಕೊಂಡ್ರೆ ಬೇಡ ಅನ್ನೋಕೆ ನಾವ್ಯಾರಪ್ಪಾ.”

ಇದು ನನಗೆ ಬಹಳ ಸಮಂಜಸವಾಗಿ ಕಂಡಿತು. ಎಷ್ಟೋ ನ್ಯಾಯಾಧೀಶರನ್ನು ಕಂಡಿದ್ದೇನೆ, ಹಾಲಿನಷ್ಟು ಚುರುಕಾಗಿ ಕೇಸು ಮುಗಿಸುವವರನ್ನು ಕಂಡಿಲ್ಲ. ಒಲೆಯ ಮೇಲಿಟ್ಟರೆ ಹಾಲು ಉಕ್ಕಲೇಬೇಕು. ವಾಯಿದೆ ಕೇಳಲು ಅದಕ್ಕೆ ವಕೀಲರಿಲ್ಲ. ಹೀಗೆ ಧೈರ್ಯವಾಗಿ ಶುಕ್ರವಾರ ಬೆಳಗ್ಗೆಗೆ ನಿಶ್ಚಯ ಮಾಡಿದೆವು.

ಶುಕ್ರವಾರ ಮೂವರೂ ಮೇಡಮ್ಮಿನ ಜೊತೆ ಬಂದಿಳಿದರು. ಒಬ್ಬಾಕೆಗೆ ಎಲ್ಲರಿಗೂ ನಮಸ್ಕಾರ ಹೇಳುವ ಅಭ್ಯಾಸ. ಒಮ್ಮೆ ಹೇಳಿ ಬಿಡುವುದಿಲ್ಲ, ಎದುರಾದಾಗಲೆಲ್ಲ ಹೇಳಬೇಕು. ಕಾಂಪೌಂಡಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ನನಗೆ ಅಂದು ಮಧ್ಯಾಹ್ನದೊಳಗೆ ಸಿಕ್ಕ ನಮಸ್ಕಾರಗಳು ಇಡೀ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ. ಇನ್ನೊಬ್ಬಾಕೆ ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಬಿಚ್ಚಿದ ಕೊಡೆ. ಬಿಸಿಲಿಲ್ಲ, ಮಳೆಯಿಲ್ಲ, ಜಗಲಿಯ ಮೇಲೆ ಕೊಡೆ ಹಿಡಿದು ಕುಳಿತಳು. ಮೂರನೆಯಾಕೆ ಹಿರಿಯಳು. ಐವತ್ತರ ಆಸುಪಾಸು, ನೀಳ ಮೈಕಟ್ಟು, ಸೆರಗು ಸೊಂಟಕ್ಕೆ ಬಿಗಿದು ಬಂದವಳು ನೇರ ಅಡುಗೆಮನೆಗೆ ಹೋಗಿ ಒಲೆ ನೋಡಿದಳು. ಸ್ಟವ್‌ನ ಗುಬುಟನ್ನು ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ರಾಜಘಟ್ಟದ ಕಡೆಯ ಹಳ್ಳಿಯವಳು, ಒಕ್ಕಲುತನದ ಮನೆ ಎಂದು ಮೇಡಂ ಹೇಳಿದರು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು, ನಾವೂ ಅಂದೆವು.

ಬೀದಿಯ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ತಟ್ಟೆ ಕೈಯಲ್ಲಿತ್ತು, ಕಣ್ಣು ಕೊಡೆಯ ಮೇಲಿತ್ತು. ಯಜಮಾನ ಕಮಿಟಿಯ ಪರವಾಗಿ ಬಾಗಿಲಲ್ಲಿ ನಿಂತ. ಅಜ್ಜಿ ಅಡುಗೆಮನೆಯಲ್ಲೇ ಕುರ್ಚಿ ಹಾಕಿಸಿಕೊಂಡು, ಹಾಲು ಯಾವ ದಿಕ್ಕಿಗೆ ಉಕ್ಕಿದರೆ ಏನು ಫಲ ಎಂದು ವಿವರಿಸುತ್ತ ಕುಳಿತರು. ಮೂಡಲಿಗೆ ಉಕ್ಕಿದರೆ ಲೇಸು, ತೆಂಕಲಿಗಾದರೆ ಶಾಂತಿ ಮಾಡಿಸಬೇಕು.

ಹಿರಿಯಳಾದ್ದರಿಂದ ಅಕ್ಕನೇ ಹಾಲಿಟ್ಟಳು. ಒಲೆಯ ಮುಂದೆ ನೆಟ್ಟಗೆ ನಿಂತು, ಗುಬುಟಿನ ಮೇಲೆ ಕೈಯಿಟ್ಟಳು. ಹಾಲಿನ ಅಂಚಿನಲ್ಲಿ ಗುಳ್ಳೆ ಬಂತು, ಕೆನೆ ಸುಕ್ಕಾಯಿತು, ನಡುವೆ ಉಬ್ಬಿತು. ಹೆಂಗಸರು ಕೈ ಜೋಡಿಸಿದರು. ಹಾಲು ಪಾತ್ರೆಯ ಕಂಠಕ್ಕೆ ಬಂತು, ಅಂಚಿನ ಮೇಲೆ ತಲೆಯೆತ್ತಿತು. ಟಕ್ಕೆಂದು ಅಕ್ಕ ಒಲೆ ಆರಿಸಿದಳು. ಹಾಲು ಉಸಿರು ಬಿಟ್ಟಂತೆ ಇಳಿಯಿತು.

“ಅಯ್ಯೋ!” ಎಂದರು ಹೆಂಗಸರು.

ಅಕ್ಕ ತಿರುಗಿ ನಿಂತು, ಶಾಲೆಯಲ್ಲಿ ಸರಿ ಉತ್ತರ ಹೇಳಿದ ಮಗುವಿನ ಹಾಗೆ ಎಲ್ಲರ ಮುಖ ನೋಡಿದಳು. ಯಾರೂ ಭೇಷ್ ಅನ್ನಲಿಲ್ಲ.

“ಇನ್ನೊಂದ್ಸಲ ಇಡವ್ವಾ,” ಎಂದರು ಅಜ್ಜಿ, ಉದಾರವಾಗಿ.

ಮತ್ತೆ ಇಟ್ಟಳು, ಮತ್ತೆ ಟಕ್ಕೆಂದಿತು. ಮೂರನೆಯ ಸಲ ನನ್ನ ಹೆಂಡತಿ ಪಕ್ಕಕ್ಕೆ ನಿಂತು “ಬಿಡಿ ಅಕ್ಕಾ, ಉಕ್ಲಿ ಬಿಡಿ” ಎಂದು ಪಿಸುಗುಟ್ಟಿದಳು. ನಮ್ಮ ಬೀದಿಯ ಪಿಸುಮಾತಾದ್ದರಿಂದ ಅದು ಬಾಗಿಲಾಚೆಗೂ ಕೇಳಿಸಿತು. ಅಕ್ಕ ಆಶ್ಚರ್ಯದಿಂದ ಅವಳನ್ನು ನೋಡುತ್ತಲೇ ಕೈಯಿಂದ ಒಲೆ ಆರಿಸಿದಳು. ಹಾಲಿನತ್ತ ನೋಡುವ ಅಗತ್ಯವೂ ಆಕೆಗಿರಲಿಲ್ಲ.

ವಿಷಯ ಆಮೇಲೆ ಮೇಡಮ್ಮಿನಿಂದ ತಿಳಿಯಿತು. ಆಸ್ಪತ್ರೆಯಿಂದ ಬಿಡುವ ಮೊದಲು ಇವರಿಗೆಲ್ಲ ಮನೆ ನಡೆಸುವ ತರಬೇತಿ ಕೊಟ್ಟಿದ್ದರು. ಅದರಲ್ಲಿ ಮುಖ್ಯ ಪಾಠ ಹಾಲು ಕಾಯಿಸುವುದು. ಉಕ್ಕುವ ಮೊದಲು ಒಲೆ ಆರಿಸಿದರೆ ಪಾಸು, ಉಕ್ಕಿದರೆ ಫೇಲು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಒಮ್ಮೆಯೂ ಉಕ್ಕಿಸದೆ ತೋರಿಸಿದ್ದರಿಂದಲೇ ಅಕ್ಕನಿಗೆ ‘ಸ್ವಂತವಾಗಿ ಬಾಳಬಲ್ಲಳು’ ಎಂಬ ಒಪ್ಪಿಗೆ ಸಿಕ್ಕಿತ್ತು. ಆಸ್ಪತ್ರೆಯವರು ಆಕೆಯನ್ನು ಮನೆಗೆ ಅರ್ಹಳೆಂದು ಹೇಳಿದ್ದು ಯಾವ ಕಾರಣಕ್ಕೋ, ಅದೇ ಕಾರಣಕ್ಕೆ ನಮ್ಮ ಬೀದಿ ಆಕೆಯನ್ನು ಅನರ್ಹಳೆಂದಿತು.

ಅಜ್ಜಿ ಎದ್ದು ನಿಂತರು. “ಹಾಲು ಉಕ್ಲಿಲ್ಲ. ಮನೆ ಒಪ್ಲಿಲ್ಲ. ಇವರು ಇನ್ನೂ ಮನೆ ತುಂಬಿಲ್ಲ ಕಣಪ್ಪಾ, ಬಂದು ಹೋಗೋ ನೆಂಟ್ರು ಅಷ್ಟೆ.”

ಕಮಿಟಿ ಈ ಮಾತನ್ನು ಅಕ್ಷರಶಃ ಜಾರಿಗೆ ತಂದಿತು. ಅಂದಿನಿಂದ ನಮ್ಮ ಮಗ್ಗದ ಮನೆ, ಒಳಗೆ ನಾಲ್ವರು ಹೆಂಗಸರು ಉಣ್ಣುತ್ತ ಮಲಗುತ್ತ ಇದ್ದಾಗ್ಯೂ, ಖಾಲಿ ಮನೆಯೆಂದು ಪರಿಗಣಿತವಾಯಿತು. ಬೀದಿಯಲ್ಲಿ ಸೀಮಂತವೊಂದಾಯಿತು, ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು ನಮ್ಮ ಬಾಗಿಲು ತಟ್ಟಿ, ಆ ಬಾಗಿಲು ದಾಟಿ, ಆಚೆ ಬಾಗಿಲು ತಟ್ಟಿದರು. ಕಸದ ಗಾಡಿಯವನಿಗೂ ಯಜಮಾನ ಹೇಳಿಟ್ಟಿದ್ದ.

“ಆ ಮನೇಲಿ ಯಾರೂ ಇಲ್ಲ ಕಣೋ, ಮುಂದಕ್ಕೆ ಹೋಗು.”

ಯಾರೂ ಇಲ್ಲದ ಮನೆಯ ಬಾಗಿಲಲ್ಲಿ ನಮಸ್ಕಾರದಾಕೆ ಕಸದ ಬಕೆಟ್ ಹಿಡಿದು ನಿಂತು “ನಮಸ್ಕಾರ” ಎಂದಳು. ಪಾಪ, ಗಾಡಿಯವನು ಧರ್ಮಸಂಕಟದಲ್ಲಿ ಸಿಕ್ಕಿಬಿದ್ದ. “ನಮಸ್ಕಾರ ಕಣಮ್ಮ,” ಎಂದ, ಕಸ ತೆಗೆದುಕೊಳ್ಳಲಿಲ್ಲ.

ಭಾನುವಾರ ಯಜಮಾನ ಬಂದು ಗಡುವು ಹೇಳಿದ. “ಬರೋ ಶುಕ್ರವಾರ ಉಕ್ಕಿದ್ರೆ ಸರಿ ಸಾರ್. ಇಲ್ಲಾಂದ್ರೆ ಖಾಲಿ ಮಾಡಿಸ್ಬಿಡಿ. ನನ್ನ ಮಗಳನ್ನ ನೋಡೋಕೆ ವಿಜಯಪುರದಿಂದ ಗಂಡಿನ ಕಡೆಯೋರು ಬರೋರಿದಾರೆ. ಮನೆ ತುಂಬದೇ ಇರೋ ಮನೇಲಿ ಜನ ಇದಾರೆ ಅಂದ್ರೆ ಏನಂತ ಹೇಳ್ಲಿ? ಕೊಡೆ ಬಗ್ಗೆ ನಾನು ಕೇಳ್ತಾನೇ ಇಲ್ಲ ನೋಡಿ.”

“ಉಕ್ಕೋವರೆಗೂ ಯಥಾಸ್ಥಿತಿ ಕಾಪಾಡೋಣ,” ಎಂದೆ.

“ಅದೇನೋ ಕಾಪಾಡಿ, ಕೊನೆಗೆ ಉಕ್ಕಬೇಕು.”

ಮೇಡಂ ನನ್ನ ಹತ್ತಿರ ಬಂದು ಕುಳಿತರು. ಬೀದಿಯವರು ಒಪ್ಪದ ಕಡೆ ಟ್ರಸ್ಟಿನವರು ಯಾರನ್ನೂ ಇಡುವುದಿಲ್ಲ, ಮೂವರೂ ವಾರ್ಡಿಗೆ ವಾಪಸು ಹೋಗಬೇಕಾಗುತ್ತದೆ ಎಂದರು. ಹೊಸಕೋಟೆ, ನೆಲಮಂಗಲ, ಬೂದಿಗೆರೆ ಎಲ್ಲ ಸುತ್ತಿ, ಯಾರೂ ಕೊಡದೆ ಕೊನೆಗೆ ಸಿಕ್ಕ ಮನೆ ಇದು. ಆಕೆ ಬೆಂಗಳೂರಿಗೆ ಫೋನು ಮಾಡಿ ಮೇಲಿನವರನ್ನು ಕೇಳಿದ್ದರು. ಕಲಿತ ಪಾಠವನ್ನು ಕಲಿತವರ ಕೈಯಿಂದ ಬೇಕೆಂದೇ ತಪ್ಪಾಗಿ ಮಾಡಿಸುವುದು ಸರಿಯೇ ಎಂಬ ಬಗ್ಗೆ ಅಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಸೇರಿ ಚರ್ಚಿಸುತ್ತಿದ್ದರಂತೆ, ಇನ್ನೂ ತೀರ್ಮಾನವಾಗಿರಲಿಲ್ಲವಂತೆ. ನಮ್ಮ ಅಪ್ಪನ ಮಗ್ಗದ ಮನೆಯ ಬಗ್ಗೆ ರಾಜಧಾನಿಯಲ್ಲಿ ಇಷ್ಟು ಗಂಭೀರ ಚರ್ಚೆ ಹಿಂದೆಂದೂ ನಡೆದಿರಲಿಲ್ಲ.

ನಾನೇ ಅಕ್ಕನಿಗೆ ತಿಳಿಹೇಳಲು ಹೋದೆ. ಆಕೆ ಸೊಪ್ಪು ಬಿಡಿಸುತ್ತಿದ್ದಳು.

“ಅಮ್ಮಾ, ಹಾಲು ಉಕ್ಕೋದು ಶುಭ.”

“ನಿಮ್ಮನೇಲಿ ದಿನಾ ಉಕ್ಕುತ್ತಾ?”

“ಇಲ್ಲ.”

“ಮತ್ತೆ ನಿಮ್ಮನೇಲಿ ಶುಭ ಇಲ್ವಾ?”

“ದಿನಾ ಉಕ್ಕಬಾರದು. ಮೊದಲನೇ ದಿನ ಮಾತ್ರ ಉಕ್ಕಬೇಕು.”

“ಅದ್ಯಾಕೆ?”

ಎಷ್ಟೋ ವಕೀಲರ ವಾದ ಕೇಳಿದ ಕಿವಿ ನನ್ನದು. ಆದರೂ ಈ ಮೂರಕ್ಷರದ ಪ್ರಶ್ನೆಗೆ ಮೂರಕ್ಷರದ ಉತ್ತರವೇ ಸಿಕ್ಕಿತು. “ಪದ್ಧತಿ,” ಎಂದೆ.

“ಹಾಲು ಉಕ್ಕಿದ್ರೆ ಉರಿ ಆರೋಗುತ್ತೆ. ಗ್ಯಾಸ್ ಬರ್ತಾನೇ ಇರುತ್ತೆ. ಗೊತ್ತಾಗಲ್ಲ,” ಎಂದು ಆಕೆ ನನಗೇ ತಿಳಿಹೇಳಿದಳು, ತಾಳ್ಮೆಯಿಂದ.

ಯಜಮಾನ ತಾಂತ್ರಿಕ ಪರಿಹಾರ ಹುಡುಕಿದ. ಗುಬುಟು ಇರುವುದರಿಂದ ತಾನೇ ಆರಿಸುವುದು, ಸೌದೆ ಒಲೆಗೆ ಗುಬುಟೆಲ್ಲಿದೆ? ಮಂಗಳವಾರ ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಸೌದೆ ಹೊತ್ತಿಸಿ, ಪಕ್ಕದಲ್ಲಿ ಕಳಸವಿಟ್ಟು ಪರೀಕ್ಷಾರ್ಥ ಏರ್ಪಾಡಾಯಿತು. ಆತನೇ ಸ್ವತಃ ಪಾತ್ರೆಯ ಕಂಠದವರೆಗೆ ಹಾಲು ಸುರಿದ, ಸಂಶಯಕ್ಕೆ ಎಡೆಯಿರಬಾರದೆಂದು. “ಇಷ್ಟು ತುಂಬಿಸ್ಬಾರ್ದಣ್ಣ, ಉಕ್ಬಿಡುತ್ತೆ,” ಎಂದು ಅಕ್ಕ ಅರ್ಧ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿದಳು. ಉಳಿದರ್ಧ ಏರಿ ಬಂದಾಗ, ಆರಿಸಲು ಏನೂ ಸಿಗದೆ ಅತ್ತಿತ್ತ ನೋಡಿ, ಕಳಸದಿಂದ ಒಂದು ಬೊಗಸೆ ನೀರೆತ್ತಿ ಹಾಲಿನ ಮೇಲೆ ಚಿಮುಕಿಸಿದಳು. ಹಾಲು ತೆಪ್ಪಗಾಯಿತು.

“ಕಳಸದ ನೀರೇ!” ಎಂದು ಯಜಮಾನ ತಲೆಯ ಮೇಲೆ ಕೈಯಿಟ್ಟುಕೊಂಡ.

ಇಲ್ಲೊಂದು ಸೂಕ್ಷ್ಮವಾದ ಧರ್ಮಪ್ರಶ್ನೆ ಎದ್ದಿತು. ತೀರ್ಥ ಬಿದ್ದು ಇಳಿದ ಹಾಲು ಉಕ್ಕಿದ್ದಕ್ಕೆ ಸಮವೋ ಅಲ್ಲವೋ? ಅಜ್ಜಿ ಇಡೀ ದಿನ ಯೋಚಿಸಿದರು. ಸಂಜೆ ಎಲೆಯಡಿಕೆ ಉಗಿದು, “ಸಮ ಅಲ್ಲ. ಆದ್ರೆ ಹಾಲು ಪ್ರಸಾದ ಆಯ್ತು, ಚೆಲ್ಬೇಡಿ,” ಎಂದರು. ಇಡೀ ಬೀದಿ ಕಾಫಿ ಕುಡಿಯಿತು. ಖಾಲಿ ಮನೆಯ ಹಾಲಾದ್ದರಿಂದ ಯಾರಿಗೂ ಋಣವಿಲ್ಲ.

ನನ್ನ ಹೆಂಡತಿಯೇ ಉಕ್ಕಿಸಲಿ ಎಂಬ ಸಲಹೆಯೂ ಬಂತು. ಮನೆ ಒಡತಿ ಉಕ್ಕಿಸಿದರೆ ಫಲ ಒಡತಿಗೇ ಸೇರುತ್ತದೆಂದು ಅಜ್ಜಿ ವಜಾ ಮಾಡಿದರು.

ಗುರುವಾರ ಮಧ್ಯಾಹ್ನ. ಕರೆಂಟು ಹೋಗಿತ್ತು. ನಾನು ಒಳಗೆ ಅಡ್ಡಾಗಿದ್ದೆ. ಜಗಲಿಯ ಮೇಲೆ ನನ್ನ ಹೆಂಡತಿ, ಅಕ್ಕ ಇಬ್ಬರೇ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕಿಟಕಿಯ ಮೂಲಕ ಎಲ್ಲ ಕೇಳಿಸಿತು. ಕೇಳಿಸದವನಂತೆ ಮಲಗಿದ್ದೆ.

“ಒಂದೇ ಒಂದ್ಸಲ ಬಿಟ್ಬಿಡಿ ಅಕ್ಕಾ. ಅಷ್ಟು ಹಾಲಿಗೋಸ್ಕರ ಮನೆ ಬಿಡ್ತೀರಾ?”

ಅಕ್ಕ ಅಂದಳು: “ನಮ್ಮಣ್ಣನ ಮನೇಲಿ ನನಗೆ ಜಾಗ ಇತ್ತಮ್ಮ. ಊಟ ಇತ್ತು, ಬಟ್ಟೆ ಇತ್ತು. ಒಂದಿನ ಹಾಲಿಟ್ಟು ನಿಂತಿದ್ದೆ. ನಿಂತಿದ್ದೆ ಅಷ್ಟೆ, ಮನಸ್ಸು ಅಲ್ಲಿರಲಿಲ್ಲ. ಆವಾಗ ನನಗೆ ಕಾಯಿಲೆ ಜೋರಾಗಿತ್ತು. ಹಾಲು ಉಕ್ತು, ಉರಿ ಆರ್ತು, ಗ್ಯಾಸು ಮನೆ ತುಂಬ್ತು. ನಮ್ಮತ್ತಿಗೆ ಬಂದು ನೋಡಿ ಕಿರುಚ್ಕೊಂಡ್ಲು. ಏನೂ ಆಗ್ಲಿಲ್ಲ. ಆದ್ರೆ ಅವತ್ತಿಂದ ನನ್ನ ಒಲೆ ಹತ್ರ ಬಿಡ್ಲಿಲ್ಲ. ಅಡುಗೆಮನೆಗೆ ಚಿಲಕ ಹಾಕೋರು. ಆಮೇಲೆ ಆಸ್ಪತ್ರೆ. ಅಲ್ಲೂ ಒಲೆ ಇಲ್ಲ. ಬೇರೆ ಯಾರೋ ಮಾಡಿದ್ದು, ತಟ್ಟೆಗೆ ಹಾಕಿದ್ದು. ಎಷ್ಟೋ ವರ್ಷ ಆದ್ಮೇಲೆ ಈಗ ಒಲೆ ಕೊಟ್ಟಿದಾರೆ. ಹಾಲು ಉಕ್ಕಿದ್ರೆ ಕಿತ್ಕೊತಾರೆ.”

“ಯಾರೂ ಕಿತ್ಕೊಳಲ್ಲ ಅಕ್ಕಾ.”

“ಉಕ್ಕಿಸು ಅಂದೋರೆಲ್ಲ ಆಮೇಲೆ, ಇವಳು ಉಕ್ಕಿಸಿದ್ಲು ಅಂತಾರೆ. ನನಗೆ ಗೊತ್ತು.”

ನನ್ನ ಹೆಂಡತಿ ಸಾಮಾನ್ಯವಾಗಿ ಮಾತಿಗೆ ಸೋಲುವವಳಲ್ಲ. ವಾದ ಬಿಟ್ಟು ನೇರ ಕೇಳಿದಳು: “ಏನ್ ಮಾಡಿದ್ರೆ ಉಕ್ಕಿಸ್ತೀರಾ, ಅದನ್ನ ಹೇಳಿ.”

ಅಕ್ಕ ಯೋಚಿಸಿ ಷರತ್ತು ಹೇಳಿದಳು. ಉಕ್ಕಿಸು ಎಂದವರೆಲ್ಲ ಒಬ್ಬೊಬ್ಬರಾಗಿ ಎದುರಿಗೆ ನಿಂತು, ತಾವೇ ಹೇಳಿದ್ದು, ಇವಳು ಮೈಮರೆತು ಉಕ್ಕಿಸಿದ್ದಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಮೇಡಂ ಅದನ್ನು ಕೇಳಿಸಿಕೊಳ್ಳಬೇಕು. ಇನ್ನೊಂದು, ದೀಪ, ಊದುಬತ್ತಿ ಎಲ್ಲ ಮನೆಯಿಂದ ಹೊರಗಿರಬೇಕು.

ನಾನು ಎದ್ದು ಕುಳಿತೆ. ಪ್ರಮಾಣವಚನ! ಈ ಬೀದಿಯಲ್ಲಿ ಇದಕ್ಕೆ ನನಗಿಂತ ಯೋಗ್ಯರು ಯಾರು? ನಿವೃತ್ತನಾದ ಮೇಲೆ ಮೊದಲ ಬಾರಿಗೆ ಕರಿ ಕೋಟು ಟ್ರಂಕಿನಿಂದ ತೆಗೆಸಿ ಬಿಸಿಲಿಗೆ ಹಾಕಿಸಿದೆ. ನುಸಿಗುಳಿಗೆಯ ವಾಸನೆ ಬೆಳಗಿನವರೆಗೂ ಹೋಗಲಿಲ್ಲ.

ಶುಕ್ರವಾರ ಬೀದಿಗೆ ಬೀದಿಯೇ ನೆರೆಯಿತು. ಷರತ್ತು ಕೇಳಿ ಯಜಮಾನ ಮೊದಲು ಸಿಡಿಮಿಡಿಗೊಂಡ. “ನಾವು ಅವರನ್ನ ಪರೀಕ್ಷೆ ಮಾಡೋದೋ, ಅವರು ನಮ್ಮನ್ನ ಮಾಡೋದೋ?”

“ಸಾಕ್ಷಿ ಹೇಳೋಕೆ ಹೆದರೋದ್ಯಾಕಪ್ಪಾ? ನಿಜ ಹೇಳೋದು ತಾನೇ,” ಎಂದರು ಅಜ್ಜಿ. ದೀಪವನ್ನು ಜಗಲಿಗೆ ಸಾಗಿಸಲೂ ಒಪ್ಪಿದರು. “ದೇವರಿಗೆ ಹೊರಗಿಂದ್ಲೂ ಕಾಣುತ್ತೆ.”

ಅಜ್ಜಿಯೇ ಮೊದಲನೆಯ ಸಾಕ್ಷಿ. ನಾನು ಪದ್ಧತಿಯಂತೆ ಮೂರು ಸಲ ಕೂಗಿದೆ. ಅವರು ನನ್ನ ಮುಂದೆಯೇ ಕುಳಿತಿದ್ದರೂ ಕೂಗಿದೆ. ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎಂದು ಹೇಳಿಸಿದೆ. ಮುಂದಿನ ಪ್ರಶ್ನೆಗಳನ್ನು ಅಕ್ಕನೇ ಕೇಳಿದಳು.

“ಅಜ್ಜೀ, ಹಾಲು ಉಕ್ಕಿಸು ಅಂದೋರು ಯಾರು?”

“ನಾನೇ ಕಣವ್ವ.”

“ದಿನಾ ನಿಮ್ಮನೇಲಿ ಹಾಲು ಉಕ್ಕಿದ್ರೆ ಏನ್ಮಾಡ್ತೀರಿ?”

“ಸೊಸೇನ ಬಯ್ತೀನಿ.”

“ಇವತ್ತು ಇಲ್ಲಿ ಉಕ್ಕಿದ್ರೆ?”

“ಕೈ ಮುಗೀತೀನಿ.”

“ನನ್ನ ಬಯ್ಯಲ್ವಾ?”

“ಇವತ್ತು ಬಯ್ಯಲ್ಲ. ನಾಳೆಯಿಂದ ಬಯ್ತೀನಿ.”

ಸೊಸೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಯಜಮಾನ ಬಂದ. “ಹೂಂ, ನಾನೇ ಹೇಳಿದ್ದು” ಎಂದು ಗೊಣಗಿದ. “ಕೇಳಿಸ್ಲಿಲ್ಲಣ್ಣ” ಎಂದಳು ಅಕ್ಕ. ಬೀದಿ ಜೋರಾಗಿ ನಕ್ಕಿತು. ಅವನು ಬೀದಿಯ ಗಂಟಲಿನಲ್ಲಿ ಇನ್ನೊಮ್ಮೆ ಹೇಳಿದ. ಹೆಂಗಸರು ಸಾಲಾಗಿ ಬಂದು ಹೇಳಿದರು. ಯಾರಿಗೂ ಉಕ್ಕಿಸೆಂದು ಹೇಳಿರದ ನಮಸ್ಕಾರದಾಕೆಯೂ ಸಾಲಿನಲ್ಲಿ ನಿಂತು, ನಮಸ್ಕಾರ ಹೇಳಿ, “ನಾನೂ ಹೇಳ್ದೆ” ಎಂದು ಸುಳ್ಳುಸಾಕ್ಷಿ ನುಡಿದಳು. ನಾನು ಆಕ್ಷೇಪಿಸಲಿಲ್ಲ. ಮೇಡಂ ಎಲ್ಲವನ್ನೂ ನಿಂತು ಕೇಳಿಸಿಕೊಂಡರು.

ಅಕ್ಕ ಒಲೆ ಹಚ್ಚಿದಳು. ಹಾಲಿಟ್ಟಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹಾಲಿನ ಅಂಚಿನಲ್ಲಿ ಗುಳ್ಳೆ ಬಂದಾಗ ಆ ಕೈಗಳು ಒಂದನ್ನೊಂದು ಹಿಂಡಿಕೊಳ್ಳುತ್ತಿದ್ದುದು ಹಿಂದೆ ನಿಂತ ನಮಗೆಲ್ಲ ಕಾಣಿಸಿತು. ಕೆನೆ ಉಬ್ಬಿದಾಗ ಬಲಗೈ ಬಿಡಿಸಿಕೊಂಡು ಮುಂದಕ್ಕೆ ಹೊರಟೇಬಿಟ್ಟಿತು. ನನ್ನ ಹೆಂಡತಿ ಅದನ್ನು ಹಿಡಿದುಕೊಂಡಳು. ಕೈಮುಗಿದಿದ್ದ ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ಹಾಲು ಕಂಠಕ್ಕೆ ಬಂತು, ತಲೆಯೆತ್ತಿತು, ಒಂದು ಕ್ಷಣ ಅಲ್ಲೇ ನಿಂತು ಎಲ್ಲರನ್ನೂ ನೋಡಿದಂತಾಯಿತು. ನಂತರ ಸುರಿಯಿತು. ಮೂಡಲಿಗೆ, ಪಡುವಲಿಗೆ, ಬಡಗಲಿಗೆ, ತೆಂಕಲಿಗೆ, ಯಾವ ದಿಕ್ಕಿಗೂ ಭೇದವೆಣಿಸದೆ ಸುರಿಯಿತು. ಚೊಯ್ಯೆಂದು ಉರಿ ಆರಿತು.

ಹೆಂಗಸರು ‘ಉಕ್ತು ಉಕ್ತು’ ಎಂದು ಕೆನ್ನೆ ಬಡಿದುಕೊಂಡರು. ಅಜ್ಜಿ ಕಣ್ಣುಮುಚ್ಚಿ ಏನೋ ಹೇಳತೊಡಗಿದರು, ಅದು ಉದ್ದವಾಗಿತ್ತು.

“ಈಗ ಮುಟ್ಲಾ?” ಎಂದಳು ಅಕ್ಕ.

“ಇರಮ್ಮಾ, ಮುಗೀಲಿ,” ಎಂದ ಯಜಮಾನ.

ಗ್ಯಾಸಿನ ವಾಸನೆ ಮೆಲ್ಲಗೆ ಹರಡಿತು. ನನ್ನ ನುಸಿಗುಳಿಗೆಯ ವಾಸನೆ ಇರಬೇಕೆಂದು ಕೆಲವರು ನನ್ನ ಕಡೆ ನೋಡಿದರು.

“ಅಜ್ಜೀ, ಈಗ ಮುಟ್ಲಾ?” ಅಕ್ಕ ಯಜಮಾನನನ್ನು ಬಿಟ್ಟು ಅಜ್ಜಿಯನ್ನೇ ಕೇಳಿದಳು.

ಅಜ್ಜಿ ಒಂದು ಕಣ್ಣು ತೆರೆದರು, ಮೂಗು ಅರಳಿಸಿದರು. “ಮುಟ್ಟೇ ಮಾರಾಯ್ತಿ, ಮುಟ್ಟು!”

ಟಕ್ಕೆಂದಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಕ ಕಿಟಕಿ ತೆಗೆದಳು, ಹಿಂಬಾಗಿಲು ತೆಗೆದಳು, “ಎಲ್ಲರೂ ಆಚೆ ನಡೀರಿ, ಸ್ವಿಚ್ ಮುಟ್ಬೇಡಿ, ಬೇಗ ಬೇಗ” ಎಂದು ತಟ್ಟೆ ಹಿಡಿದವರನ್ನು, ಕಮಿಟಿಯನ್ನು, ಕುರ್ಚಿ ಸಮೇತ ಅಜ್ಜಿಯನ್ನು, ಕರಿ ಕೋಟು ಸಮೇತ ನನ್ನನ್ನು ಬೀದಿಗೆ ಅಟ್ಟಿದಳು. ಆಕೆಯನ್ನು ಮನೆ ತುಂಬಿಸಲು ಬಂದ ನಾವೆಲ್ಲ ಮನೆಯಿಂದ ಹೊರಹಾಕಲ್ಪಟ್ಟು ಸಾಲಾಗಿ ನಿಂತೆವು. ಬಿಸಿಲು ಬಲವಾಗಿತ್ತು. ಕೊಡೆ ಇದ್ದದ್ದು ಒಬ್ಬಾಕೆಗೆ ಮಾತ್ರ. ಆಕೆ ಏನೂ ಹೇಳದೆ ಸರಿದು ಅಜ್ಜಿಗೆ ನೆರಳು ಮಾಡಿದಳು. ಗಾಳಿಯಾಡಿ, ಒಲೆ ಒರೆಸಿ, ತನಗೆ ಸಮಾಧಾನವಾದ ಮೇಲೆ ಅಕ್ಕ ‘ಈಗ ಬರ್ಬೋದು’ ಎಂದಳು. ಉಳಿದ ಹಾಲಿಗೆ ಸಕ್ಕರೆ ಹಾಕಿ ಎಲ್ಲರಿಗೂ ಹಂಚಿದಳು. ಮೇಡಮ್ಮಿಗೆ ಲೋಟ ಕೊಡುವಾಗ ಮೆಲ್ಲಗೆ ಕೇಳಿದಳು.

“ಕೇಳಿಸ್ಕೊಂಡ್ರಲ್ಲ? ನಾನು ಇಲ್ಲೇ ಇದ್ದೆ. ಮನಸ್ಸು ಇಲ್ಲೇ ಇತ್ತು.”

ಮೇಡಂ ತಲೆಯಾಡಿಸಿದರು.

ಅಂದಿನಿಂದ ಮನೆ ತುಂಬಿದ್ದಾಯಿತೆಂದು ಬೀದಿ ಒಪ್ಪಿತು. ಆದರೂ ಮೇಡಮ್ಮಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಒಪ್ಪಿದ್ದೇವೆ ಅಂತಾರೆ, ನಗ್ತಾರೆ, ತುಂಬಾ ಮರ್ಯಾದೆ ಮಾಡ್ತಾರೆ, ಅದೇ ಭಯ ಸಾರ್, ಎನ್ನುತ್ತಿದ್ದರು. ತಾನು ಹೊರಡುವ ದಿನವನ್ನು ಮುಂದೂಡುತ್ತಲೇ ಇದ್ದರು.

ಅದಾದ ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ ನಾನು ಪೇಪರು ಓದುತ್ತಿದ್ದೆ. ಅಕ್ಕ ಜಗಲಿ ತೊಳೆದ ನೀರು ಬೀದಿಗಿಳಿದು, ತಿರುಗಿ, ಅಜ್ಜಿ ಆಗಷ್ಟೇ ಹಾಕಿ ಮುಗಿಸಿದ್ದ ರಂಗೋಲಿಯ ಮೇಲೆ ನಿಧಾನವಾಗಿ ಹರಿದುಹೋಯಿತು. ಅಜ್ಜಿ ಸೊಂಟಕ್ಕೆ ಕೈಯಿಟ್ಟು ಬೀದಿಯ ನಡುವೆ ಬಂದು ನಿಂತರು.

“ಏನೇ, ಕಣ್ಣು ಕಾಣ್ಸಲ್ವೇನೇ ನಿಂಗೆ? ನಿನ್ನ ಮನೆ ಕೊಚ್ಚೆ ನಿನ್ನ ಬಾಗ್ಲಲ್ಲಿಟ್ಕೊ! ನನ್ನ ಬಾಗ್ಲಿಗ್ಯಾಕೆ ಕಳಿಸ್ತೀಯಾ?”

ಅಕ್ಕ ಪೊರಕೆ ಹಿಡಿದೇ ಹೊರಗೆ ಬಂದಳು. ಒಳಗಿನಿಂದ ಮೇಡಂ ಗಾಬರಿಯಾಗಿ ಓಡಿ ಬಂದರು. ಬಿಡಿಸಲು ಹೊರಟವರ ರಟ್ಟೆಯನ್ನು ನನ್ನ ಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡಳು.

“ಸುಮ್ನಿರಿ ಮೇಡಂ. ನೆಂಟರ ಹತ್ರ ಯಾರಾದ್ರೂ ಜಗಳಕ್ಕೆ ಹೋಗ್ತಾರಾ?”

ಮೇಡಂ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರು ಆ ಶನಿವಾರವೇ ಸ್ಕೂಟರು ಹತ್ತಿ ಬೆಂಗಳೂರಿಗೆ ಹೋದರು, ಈಗ ಬಂದು ಹೋಗುತ್ತಿರುತ್ತಾರೆ.

ಬೀದಿಯಲ್ಲಿ ಅಕ್ಕ ಪೊರಕೆಯನ್ನು ನೆಲಕ್ಕೆ ಕುಟ್ಟಿದಳು.

“ಇಳಿಜಾರು ನಿಮ್ಮ ಕಡೆ ಇದ್ರೆ ನಾನೇನಜ್ಜಿ ಮಾಡ್ಲಿ? ಹೋಗಿ ನಗರಸಭೆಯೋರ್ನ ಕೇಳಿ!”